ರೈಲಿಲ್ಲದ ಕೊಡಗಿನಲ್ಲಿ ಮೈಸೂರು ರೈಲು: ಮಾದರಿ ಕೂಡಿಸಿ, ಕಟ್ಟಿ, ಓಡಿಸುವ ಬಗೆ

ನಮ್ಮ ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ. ನಮ್ಮ ಮಕ್ಕಳಿಗೆ ರೈಲು ಅಂದರೆ ಮೊದಲು ನೆನಪಾಗುವುದು ಮಡಿಕೇರಿ ರಾಜಾಸೀಟಿನ ಪುಟಾಣಿ ರೈಲು. ದೊಡ್ಡ ರೈಲು ಹತ್ತಬೇಕಾದರೆ ಬಸ್ಸಿನಲ್ಲಿ ಮೈಸೂರಿಗೆ ಹೋಗಬೇಕು, ಇಲ್ಲವೇ ಘಾಟಿ ಇಳಿಯಬೇಕು. ಆದ್ದರಿಂದ ನಾನು ಮನೆಯಲ್ಲಿ ಮೈಸೂರಿನ ಹಳೆ ಮೀಟರ್ ಗೇಜ್ (ಕಿರಿದಾದ ಹಳಿಯ) ರೈಲಿನ ಮಾದರಿ ಓಡಿಸುತ್ತೇನೆ ಅಂದರೆ ನೆಂಟರು ಮುಖ ಮುಖ ನೋಡಿಕೊಳ್ಳುತ್ತಾರೆ. "ಅದು ಮಕ್ಕಳ ಆಟ ಅಲ್ವಾ ಮಾವ?" ಅಂತ ಅಳಿಯ ಕೇಳಿದ್ದ. ಅದೇ ಅಳಿಯ ಈಗ ಬಂದಾಗಲೆಲ್ಲ ಕಂಟ್ರೋಲರ್ ಕೈಬಿಡುವುದಿಲ್ಲ.

ಯಾಕೆ ಮೈಸೂರು ರೈಲೇ ಅಂದರೆ, ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಹೊಳೆಯನ್ನು ಆ ರೈಲು ಶ್ರೀರಂಗಪಟ್ಟಣದಲ್ಲಿ ಎರಡು ಸಲ ದಾಟುತ್ತದೆ. ಅಲ್ಲಿ ಕಾವೇರಿ ಎರಡು ಕವಲಾಗಿ ಊರನ್ನು ದ್ವೀಪ ಮಾಡಿದೆ. ನನಗೆ ಅಷ್ಟು ನೆಂಟಸ್ತಿಕೆ ಸಾಕಾಯಿತು.

ಮೊದಲು ಜಾಗ, ಆಮೇಲೆ ವರ್ಷ, ಕೊನೆಗೆ ಎಂಜಿನ್

ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಚೆಂದ ಕಂಡ ಎಂಜಿನ್ ಕೊಳ್ಳುತ್ತಾರೆ. ಆಮೇಲೆ ಅದಕ್ಕೆ ಹೊಂದದ ಬೋಗಿ, ಅದಕ್ಕೂ ಹೊಂದದ ಹಳಿ. ಎರಡು ವರ್ಷದಲ್ಲಿ ಕಪಾಟು ತುಂಬುತ್ತದೆ, ರೈಲು ಮಾತ್ರ ಓಡುವುದಿಲ್ಲ. ನೀವು ಒಂದು ನಿಲ್ದಾಣ ಆರಿಸಿಕೊಳ್ಳಿ. ಒಂದೇ ಒಂದು.

ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜ್ ಹಳಿ ಪೂರ್ತಿಯಾದದ್ದು 1882ರಲ್ಲಿ. ನಂಜನಗೂಡಿಗೆ ರೈಲು ಹೋದದ್ದು 1891ರಲ್ಲಿ. 1951ರ ಏಪ್ರಿಲ್ 14ರಂದು ಮೈಸೂರು ರಾಜ್ಯದ ರೈಲ್ವೆ ಇನ್ನೆರಡು ಕಂಪನಿಗಳ ಜೊತೆ ಸೇರಿ ದಕ್ಷಿಣ ರೈಲ್ವೆ ಆಯಿತು. 1990ರ ದಶಕದಲ್ಲಿ ಮೈಸೂರು–ಬೆಂಗಳೂರು ಹಳಿ ಈಗಿನ ಅಗಲವಾದ ಬ್ರಾಡ್ ಗೇಜ್‌ಗೆ ಬದಲಾಯಿತು. ಅಂದರೆ ನೂರು ವರ್ಷಕ್ಕೂ ಜಾಸ್ತಿ ಕಾಲ ನಿಮ್ಮ ಮುಂದಿದೆ. ಅದರಲ್ಲಿ ಹತ್ತು ವರ್ಷ ಆರಿಸಿಕೊಂಡರೆ ಕೆಲಸ ಹಗುರ. ಮಹಾರಾಜರ ಕಾಲದ ದಸರಾ ಸ್ಪೆಷಲ್ ಮಾಡಬೇಕೆಂದರೆ ಅದು ಬೇರೆ ಲೋಕ. 1960ರ ದಶಕದ ಸಾದಾ ಪ್ಯಾಸೆಂಜರ್ ಮಾಡಬೇಕೆಂದರೆ ಕಪ್ಪು ಉಗಿ ಎಂಜಿನ್, ಇಟ್ಟಿಗೆ ಕೆಂಪಿನ ಬೋಗಿ. ನಾನು ಆರಿಸಿಕೊಂಡದ್ದು ಎರಡನೆಯದು. ಫೋಟೋ ಜಾಸ್ತಿ ಸಿಗುತ್ತವೆ, ಆ ರೈಲಲ್ಲಿ ಕೂತ ಹಿರಿಯರೂ ಇನ್ನೂ ಇದ್ದಾರೆ.

ಕಾಲ ಗೊತ್ತುಮಾಡಿಕೊಂಡರೆ ಇನ್ನೊಂದು ಲಾಭ ಇದೆ. ಶ್ರೀರಂಗಪಟ್ಟಣದಲ್ಲಿ ಹಳಿ ಪಕ್ಕದಲ್ಲೇ ಟಿಪ್ಪು ಕಾಲದ ಮದ್ದಿನ ಮನೆ ಇತ್ತು. ಜೋಡಿ ಹಳಿಗೆ ಅಡ್ಡವಾಗುತ್ತದೆಂದು 2017ರಲ್ಲಿ ಅದನ್ನು ಇಡಿಯಾಗಿ ಎತ್ತಿ ದೂರಕ್ಕೆ ಸರಿಸಿದರು. ನಿಮ್ಮ ಮಾದರಿ 1965ರದ್ದಾದರೆ ಮದ್ದಿನ ಮನೆ ಹಳೆ ಜಾಗದಲ್ಲೇ ಇರಬೇಕು. ಈಗಿನ ಮ್ಯಾಪ್ ನೋಡಿ ಕಟ್ಟಿದರೆ ತಪ್ಪುತ್ತದೆ.

ಬಯಲು ಸೀಮೆ ಬೇಡ, ಕಾಡೇ ಬೇಕು ಅನ್ನುವವರಿಗೆ ಹಾಸನ–ಮಂಗಳೂರು ದಾರಿ ಇದೆ. 1979ರಲ್ಲಿ ಮೀಟರ್ ಗೇಜ್ ಆಗಿಯೇ ಶುರುವಾದದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, 50ಕ್ಕೆ 1ರಷ್ಟು ಇಳಿಜಾರು. ಮಳೆ, ಕಾಡು, ಮಂಜು ಎಲ್ಲ ನಮ್ಮ ಕಡೆಯದ್ದೇ ಥರ. ಆದರೆ ಮೊದಲ ಮಾದರಿಗೇ ಅದಕ್ಕೆ ಕೈ ಹಾಕಬೇಡಿ. ಸುರಂಗದೊಳಗೆ ಹಳಿ ತಪ್ಪಿದ ಬೋಗಿ ತೆಗೆಯುವುದು ಬೇಡವೆನಿಸುವ ಕೆಲಸ.

ಅಳತೆಯ ಲೆಕ್ಕ

ಇಲ್ಲಿ ಸ್ವಲ್ಪ ನಿಲ್ಲಿ. ಹಣ ಉಳಿಯುವುದೂ ಇಲ್ಲೇ, ಹೋಗುವುದೂ ಇಲ್ಲೇ.

ಮೀಟರ್ ಗೇಜ್ ಅಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವ ಎಚ್‌ಒ ಅಳತೆಯಲ್ಲಿ ಎಲ್ಲವೂ 87 ಪಾಲು ಚಿಕ್ಕದು, ಹಳಿ ಅಗಲ 16.5 ಮಿ.ಮೀ. ಅದು ಯುರೋಪಿನ ದೊಡ್ಡ ರೈಲಿನ ಲೆಕ್ಕ. ನಮ್ಮ ಮೀಟರ್ ಗೇಜ್ ಬೋಗಿಯನ್ನು ಆ ಹಳಿ ಮೇಲೆ ಕೂರಿಸಿದರೆ ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತದೆ.

ಸರಿಯಾದ ದಾರಿ ಎರಡು. ಒಂದು, ಎಚ್‌ಒಎಂ. 1:87 ಅಳತೆಗೆ 12 ಮಿ.ಮೀ. ಹಳಿ. ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿ ಮಾಡುವವರು ಬಳಸುವುದು ಇದನ್ನೇ. ಪೆಕೊ ಕಂಪನಿಯ ಹಳಿ ಸಿಗುತ್ತದೆ. ನೋಡಲು ಚೆಂದ, ಕೈಗೆ ಸಿಗುವಷ್ಟು ದೊಡ್ಡದು. ಆದರೆ ದುಬಾರಿ.

ಎರಡನೆಯದು ನನ್ನ ದಾರಿ, ಟಿಟಿಎಂ. 1:120 ಅಳತೆಗೆ 9 ಮಿ.ಮೀ. ಹಳಿ. ಲೆಕ್ಕ ಹಾಕಿದರೆ 9 ಮಿ.ಮೀ. ಅಂದರೆ ನಿಜದ 1080 ಮಿ.ಮೀ., ಎಂಟು ಸೆಂಟಿಮೀಟರ್ ಜಾಸ್ತಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಇದರ ದೊಡ್ಡ ಗುಣ ಏನೆಂದರೆ, 9 ಮಿ.ಮೀ. ಅಂದರೆ ‘ಎನ್’ ಅನ್ನುವ, ಇನ್ನೂ ಚಿಕ್ಕ ಮಾದರಿಗಳ ಅಳತೆಯ ಹಳಿ. ಪ್ರಪಂಚದಲ್ಲೆಲ್ಲ ಸಿಗುತ್ತದೆ. ಜಪಾನಿನ ಎನ್ ಮಾದರಿಗಳ ಕೆಳಭಾಗ ತಂದು, ಮೇಲಿನ ಮೈ ಮಾತ್ರ ನಾವು ಕಟ್ಟಿಕೊಂಡರಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ಸ್ವಾತಂತ್ರ್ಯದ ನಂತರ ದೇಶದ ಮೀಟರ್ ಗೇಜ್ ಪ್ಯಾಸೆಂಜರ್ ಗಾಡಿಗಳನ್ನು ಎಳೆದ ಮುಖ್ಯ ಉಗಿ ಎಂಜಿನ್ ವೈಪಿ. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡ ಚಕ್ರ, ಹಿಂದೆ ಎರಡು. ದೊಡ್ಡ ಚಕ್ರದ ಅಡ್ಡಳತೆ ನಾಲ್ಕೂವರೆ ಅಡಿ, ಅಂದರೆ 1372 ಮಿ.ಮೀ. 120ರಿಂದ ಭಾಗಿಸಿ, 11.4 ಬರುತ್ತದೆ. ಈಗ ಜಪಾನಿನ ಸಿ57 ಎಂಜಿನ್ ನೋಡಿ. ಅದರದ್ದೂ ಅದೇ ಚಕ್ರದ ಜೋಡಣೆ. ದೊಡ್ಡ ಚಕ್ರ 1750 ಮಿ.ಮೀ. ಜಪಾನಿನ ಎನ್ ಅಳತೆ 1:150 ಆದ್ದರಿಂದ ಮಾದರಿಯಲ್ಲಿ 11.7 ಮಿ.ಮೀ. ವ್ಯತ್ಯಾಸ ಒಂದು ಕೂದಲೆಳೆ! ಕಾಟೊ ಕಂಪನಿಯ ಸಿ57 ಸಿಕ್ಕರೆ ನಿಮ್ಮ ವೈಪಿಯ ಕಾಲು ಸಿಕ್ಕಿತೆಂದೇ ತಿಳಿಯಿರಿ. ಚಕ್ರಗಳ ನಡುವಿನ ಅಂತರ ಪೂರ್ತಿ ಹೊಂದುವುದಿಲ್ಲ. ಅಷ್ಟಕ್ಕೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ.

ಸರಕು ಗಾಡಿ ಬೇಕಾದರೆ ವೈಜಿ ಎಂಜಿನ್. ಅದರ ನಡುವೆ ಎಂಟು ದೊಡ್ಡ ಚಕ್ರ, ಒಂದೊಂದೂ ನಾಲ್ಕು ಅಡಿ. ಅದೇ ರೀತಿ ಲೆಕ್ಕ ಹಾಕಿ ಹುಡುಕಿ.

ಕೂಡಿಸುವಾಗ

ಮೈಸೂರಿನ ಮೀಟರ್ ಗೇಜ್ ರೈಲೆಂದು ಬರೆದ ಡಬ್ಬಿ ಯಾವ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಗಾಗಿ ಕೂಡಿಸುವುದು ಅಂದರೆ ಮೂರು ಥರದ ಸಾಮಾನು: ಓಡುವ ಕೆಳಭಾಗಗಳು, ಅಳತೆ ಮತ್ತು ಫೋಟೋ, ಹಳೆ ಕಾಗದ ಪತ್ರ.

ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವಾಗ ಓಡುವ ವಿಡಿಯೊ ಕೇಳಿ. ಎರಡೂ ದಿಕ್ಕಿಗೆ, ಮೆಲ್ಲಗೆ ಓಡಿಸಿದ ವಿಡಿಯೊ. ಜೋರಾಗಿ ಓಡುವುದು ಎಂಥ ಎಂಜಿನ್ನಿಗೂ ಬರುತ್ತದೆ, ಮೆಲ್ಲಗೆ ಓಡುವುದರಲ್ಲೇ ಗುಣ ಗೊತ್ತಾಗುವುದು. ಹಳೆಯ ಎರಕದ ಲೋಹದ ಮೈ ಇದ್ದರೆ ಬಿರುಕು, ಉಬ್ಬು ನೋಡಿ. ಕಳಪೆ ಸತುವಿನ ಎರಕ ಒಳಗಿಂದಲೇ ಪುಡಿಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಬೆಲೆಗೆ ಕೂಡಿಸಿಕೊಂಡೇ ಯೋಚಿಸಿ.

ಇನ್ನೊಂದು ಮಾತು, ನನ್ನ ಜೇಬು ಸುಟ್ಟು ಕಲಿತದ್ದು. ಜಪಾನಿನ ಮನೆಗಳಲ್ಲಿ ವಿದ್ಯುತ್ 100 ವೋಲ್ಟ್. ನಮ್ಮದು 230. ಅಲ್ಲಿನ ಕಂಟ್ರೋಲರ್ ತರಿಸಿ, ಡಬ್ಬಿ ಬಿಚ್ಚಿದ ಖುಷಿಯಲ್ಲಿ ನೇರ ಗೋಡೆಯ ಸಾಕೆಟ್ಟಿಗೆ ಚುಚ್ಚಿದೆ. ಟಪ್ ಅಂತ ಒಂದು ಸದ್ದು, ಆಮೇಲೆ ವಾಸನೆ. ರೈಲು ಓಡುವ ಮೊದಲೇ ಹೊಗೆ ಬಂತು ಅಂತ ಮನೆಯವಳು ಈಗಲೂ ಹೇಳಿ ನಗುತ್ತಾಳೆ. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಓದಿ, ಆಮೇಲೆ ಚುಚ್ಚಿ.

ಅಳತೆಗೆ ಮೈಸೂರಿನ ರೈಲ್ವೆ ಮ್ಯೂಸಿಯಂ. ನಿಲ್ದಾಣದ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿದೆ. 1979ರಲ್ಲಿ ತೆರೆದದ್ದು. ಕುಶಾಲನಗರದಿಂದ ಬೆಳಗಿನ ಬಸ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ಅರ್ಧ ಕೆಲಸ ಮುಗಿಯುತ್ತದೆ. ರಜೆ ದಿನ ಯಾವುದೆಂದು ಮೊದಲೇ ನೋಡಿಕೊಳ್ಳಿ. ಹಳೆ ಉಗಿ ಎಂಜಿನ್, ಮಹಾರಾಣಿಯವರ ಸಲೂನ್ ಬೋಗಿ ಎಲ್ಲ ಅಲ್ಲಿವೆ. ಒಂದು ಮೀಟರ್ ಉದ್ದದ ಕೋಲಿಗೆ ಹತ್ತು ಸೆಂಟಿಮೀಟರ್‌ಗೊಂದು ಕಪ್ಪು-ಬಿಳಿ ಪಟ್ಟೆ ಬಳಿದು ತೆಗೆದುಕೊಂಡು ಹೋಗಿ. ಅಲ್ಲಿಯವರನ್ನು ಕೇಳಿ, ಬೋಗಿಗೆ ಆನಿಸಿ ನಿಲ್ಲಿಸಿ, ನೇರ ಎದುರಿನಿಂದ ಫೋಟೋ ತೆಗೆಯಿರಿ. ಓರೆಯಿಂದ ತೆಗೆದ ಫೋಟೋ ಅಳತೆಗೆ ಬರುವುದಿಲ್ಲ. ಮನೆಗೆ ಬಂದು ಆ ಕೋಲಿನ ಲೆಕ್ಕದಲ್ಲಿ ಕಿಟಕಿ, ಬಾಗಿಲು, ಮೆಟ್ಟಿಲು ಎಲ್ಲದರ ಅಳತೆ ತೆಗೆಯಬಹುದು. ಛಾವಣಿ, ಬೋಗಿಯ ಕೊನೆ, ಕೆಳಗಿನ ಬ್ಯಾಟರಿ ಡಬ್ಬಿ — ಯಾರೂ ಫೋಟೋ ತೆಗೆಯದ ಜಾಗಗಳನ್ನೇ ಮೊದಲು ತೆಗೆಯಿರಿ.

ಹಳೆ ರಟ್ಟಿನ ಟಿಕೆಟ್, ಟೈಮ್ ಟೇಬಲ್ ಪುಸ್ತಕ ಸಿಕ್ಕರೆ ಬಿಡಬೇಡಿ. ಗುಜರಿಯಲ್ಲಿ ಸಿಗುವ ಕಬ್ಬಿಣದ ಹಳಿ ತುಂಡು, ಕೀಲಿ, ರೈಲ್ವೆ ಗುರುತಿನ ಲಾಂದ್ರ ಇವುಗಳ ವಿಷಯದಲ್ಲಿ ಮಾತ್ರ ಜೋಪಾನ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆ ಪ್ರಕಾರ ಅಪರಾಧ. ಹರಾಜಿನಲ್ಲಿ ಹೋದದ್ದಕ್ಕೆ ಬಿಲ್ ಇದ್ದರೆ ಕೊಳ್ಳಿ, ಇಲ್ಲದಿದ್ದರೆ ನೋಡಿ ಖುಷಿಪಟ್ಟು ಬನ್ನಿ.

ಹಲಗೆ ಮತ್ತು ಹಳಿ

ಎಂಟಡಿ-ನಾಲ್ಕಡಿಯ ಒಂದು ಪ್ಲೈವುಡ್ ಶೀಟ್ ಸಾಕು. 12 ಮಿ.ಮೀ. ದಪ್ಪ, ನೀರು ತಡೆಯುವ ದರ್ಜೆಯದ್ದು. ಉದ್ದಕ್ಕೆ ಒಂದೊಂದು ಅಡಿ ಅಗಲಕ್ಕೆ ಸೀಳಿಸಿದರೆ ಎಂಟಡಿಯ ನಾಲ್ಕು ಪಟ್ಟಿ. ಎರಡು ಪಟ್ಟಿ ಗೋಡೆಯ ಮೂಲೆಗೆ ಸೇರಿಸಿದರೆ ಒಂದರಲ್ಲಿ ನಿಲ್ದಾಣ, ಇನ್ನೊಂದರಲ್ಲಿ ಹೊಳೆ. ಸುತ್ತು ಹಾಕುವ ಹಳಿ ಬೇಕೇ ಬೇಕೆಂದರೆ 282 ಮಿ.ಮೀ. ತ್ರಿಜ್ಯದ ಕಾಟೊ ಹಳಿಗೆ ಕಡಿಮೆಯೆಂದರೂ ಎರಡೂವರೆ ಅಡಿ ಅಗಲ ಬಿಡಿ. ನನಗಂತೂ ಹೋಗಿ ಬರುವ ರೈಲೇ ಇಷ್ಟ. ನಿಜದ ರೈಲು ಎಲ್ಲಿ ಗಿರಗಿರ ಸುತ್ತುತ್ತದೆ?

ಕೆಳಗಿನ ಚೌಕಟ್ಟಿಗೆ ತೋಟದ ಸಿಲ್ವರ್ ಓಕ್ ನಡೆಯುತ್ತದೆ, ಚೆನ್ನಾಗಿ ಒಣಗಿದ್ದರೆ ಮಾತ್ರ. ಹಸಿ ಮರ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೊಟ್ಟಗಾಗುತ್ತದೆ. ಹಳಿಯೂ ಅದರ ಜೊತೆಗೇ. ಪ್ಲೈವುಡ್‌ನ ಆರೂ ಮುಖಕ್ಕೆ ವಾರ್ನಿಷ್ ಹೊಡೆಯಿರಿ. ಅಡಿಭಾಗಕ್ಕೂ. "ಅಡಿ ಯಾರು ನೋಡ್ತಾರೆ ಸರ್?" ಅಂತ ಆಚಾರಿ ಕೇಳಿದರು. ಯಾರು ನೋಡದಿದ್ದರೂ ಮಳೆಗಾಲದ ಥಂಡಿ ಹುಡುಕಿಕೊಂಡು ಹೋಗುತ್ತದೆ.

ಹಳಿ ನಿಕಲ್ ಸಿಲ್ವರ್‌ದೇ ಆಗಿರಲಿ. ಉಕ್ಕಿನದು ನಮ್ಮ ಹವೆಗೆ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದು ಕಂದಾಗಿ ಕರೆಂಟ್ ಬಿಡುವುದಿಲ್ಲ. ಹಳಿ ತುಂಡುಗಳನ್ನು ಸೇರಿಸುವ ಸಣ್ಣ ಲೋಹದ ಜೋಡಿಕೆಗಳನ್ನೇ ನಂಬಬೇಡಿ. ಥಂಡಿಗೆ ಅವೂ ಕೈಕೊಡುತ್ತವೆ. ಮೀಟರಿಗೊಂದು ಕಡೆ ಎರಡೂ ಹಳಿಗೆ ತೆಳು ತಂತಿ ಬೆಸುಗೆ ಹಾಕಿ, ಕೆಳಗೆ ಕೆಂಪು-ಕಪ್ಪು ಎರಡು ದಪ್ಪ ತಂತಿಗಳಿಗೆ ಸೇರಿಸಿ. ಬೆಸುಗೆ ಹಾಕುವಾಗ ಎರಡೂ ಬದಿಗೆ ಒದ್ದೆ ಹತ್ತಿ ಇಡಿ, ಹಳಿಯಡಿಯ ಪ್ಲಾಸ್ಟಿಕ್ ಅಡ್ಡಪಟ್ಟಿಗಳು (ಸ್ಲೀಪರ್) ಕರಗುವುದಿಲ್ಲ.

ಬಯಲು ಸೀಮೆಯ ರೈಲಿಗೆ ಹಳಿ ಮಟ್ಟಸವಾಗಿರಲಿ. ಘಾಟಿಯದ್ದಾದರೆ 50ಕ್ಕೆ 1 ಅಂದರೆ ಎಂಟಡಿ ಹಲಗೆಗೆ ಐದು ಸೆಂಟಿಮೀಟರ್ ಏರು. ಅದಕ್ಕಿಂತ ಕಡಿದಾದರೆ ಪುಟ್ಟ ಎಂಜಿನ್‌ಗಳ ಚಕ್ರ ಜಾರುತ್ತದೆ.

ವಿದ್ಯುತ್ತಿನ ಕತೆ

ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಈ ಮಾದರಿಗಳು ಓಡುವುದು 12 ವೋಲ್ಟ್ ಡಿಸಿಯಲ್ಲಿ. ಒಂದು ಎಂಜಿನ್ ಎಳೆಯುವುದು ಅರ್ಧ ಆಂಪಿಯರ್‌ಗಿಂತ ಕಡಿಮೆ. ಹಾಗಾಗಿ ಯುಪಿಎಸ್‌ಗೆ ಹಾಕುವ 12 ವೋಲ್ಟಿನ ಬ್ಯಾಟರಿ, ಅದರ ಮುಂದೆ ಒಂದು ಆಂಪಿಯರ್ ಫ್ಯೂಸ್, ಒಂದು ಸಣ್ಣ ಸ್ಪೀಡ್ ಕಂಟ್ರೋಲರ್, ದಿಕ್ಕು ಬದಲಿಸಲು ಒಂದು ಸ್ವಿಚ್. ಇಷ್ಟರಲ್ಲೇ ಸಂಜೆಯಿಡೀ ಓಡಿಸಬಹುದು. ಫ್ಯೂಸ್ ಮಾತ್ರ ಬಿಡಬೇಡಿ. ಹಳಿ ಮೇಲೆ ಸ್ಕ್ರೂಡ್ರೈವರ್ ಬಿದ್ದರೂ ಸಾಕು, ಬ್ಯಾಟರಿ ತಂತಿಯನ್ನು ಕೆಂಡ ಮಾಡುತ್ತದೆ. ಹೊಸ ಎಂಜಿನ್‌ಗಳಲ್ಲಿ ಕೋರ್‌ಲೆಸ್ (ಸುರುಳಿಯೊಳಗೆ ಕಬ್ಬಿಣದ ತಿರುಳಿಲ್ಲದ) ಮೋಟಾರ್ ಇದ್ದರೆ, ಕರೆಂಟನ್ನು ಬಿಟ್ಟು ಬಿಟ್ಟು ಕೊಟ್ಟು ವೇಗ ಹಿಡಿಯುವ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಬೇಡ, ಮೋಟಾರ್ ಬಿಸಿಯಾಗುತ್ತದೆ.

ಏಪ್ರಿಲ್-ಮೇ ಗುಡುಗಿಗೆ ಎಲ್ಲ ಪ್ಲಗ್ ಕಿತ್ತಿಡಿ. ಇದನ್ನು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ.

ಹೊಳೆ, ಗದ್ದೆ, ಮಣ್ಣು

ಈ ಕೆಲಸಕ್ಕೆ ಅಂಗಡಿಯ ಸಾಮಾನು ಹೆಚ್ಚು ಬೇಕಿಲ್ಲ. ಜಲ್ಲಿಗೆ ಕ್ರಷರ್ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಅದರ ಮೇಲೆ ಅಯಸ್ಕಾಂತ ಆಡಿಸಿ, ಕಬ್ಬಿಣದ ಕಣ ಹಿಡಿದುಕೊಂಡರೆ ತೆಗೆಯಿರಿ. ಇಲ್ಲದಿದ್ದರೆ ಎಂಜಿನ್ ಮೋಟಾರಿನ ಅಯಸ್ಕಾಂತ ಅದನ್ನು ಎಳೆದುಕೊಳ್ಳುತ್ತದೆ. ಹಳಿ ನಡುವೆ ಹರಡಿ, ಪಾತ್ರೆ ಸೋಪಿನ ಒಂದೆರಡು ಹನಿ ಬೆರೆಸಿದ ನೀರು ಚಿಮುಕಿಸಿ, ಆಮೇಲೆ ನೀರು ಮಾಡಿದ ಫೆವಿಕಾಲ್ ಹನಿಹನಿಯಾಗಿ ಬಿಡಿ. ಸೋಪಿಲ್ಲದಿದ್ದರೆ ಅಂಟು ಒಳಗಿಳಿಯದೆ ಮುತ್ತಿನ ಹಾಗೆ ಮೇಲೇ ನಿಲ್ಲುತ್ತದೆ.

ಮಣ್ಣಿಗೆ ಕಾಫಿ ಗಷ್ಟು ಚೆನ್ನಾಗಿರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಅದಕ್ಕೇನು ಬರ! ಆದರೆ ನಮ್ಮ ಹವೆಗೆ ಅದು ಬೂಷ್ಟು ಹಿಡಿಯುತ್ತದೆ. ನನ್ನ ಪ್ಲಾಟ್‌ಫಾರ್ಮ್ ಹಿಂದೆ ಆಗಸ್ಟ್‌ನಲ್ಲಿ ಬಿಳಿ ಹತ್ತಿ ಬೆಳೆದಿತ್ತು. ಜರಡಿ ಹಿಡಿದ ಮಣ್ಣನ್ನು ಬಾಣಲೆಯಲ್ಲಿ ಹುರಿದು ಬಳಸಿ. ಮಂಡ್ಯ ಸೀಮೆಯ ಮಣ್ಣೇ ಒಂದು ಡಬ್ಬಿ ತಂದರೆ ಬಣ್ಣದ ಚಿಂತೆಯೂ ಇಲ್ಲ.

ನಮ್ಮ ಕೈಗೆ ಒಂದು ಚಾಳಿ ಇದೆ, ಎಲ್ಲವನ್ನೂ ಹಸಿರು ಮಾಡುವುದು. ಶ್ರೀರಂಗಪಟ್ಟಣದ ಪಕ್ಕ ಕಾಫಿ ತೋಟ ಬರಬಾರದು. ಅಲ್ಲಿರುವುದು ಕಬ್ಬು, ಭತ್ತ, ತೆಂಗು. ಕಬ್ಬಿಗೆ ಹುಲ್ಲು ಪೊರಕೆಯ ತುದಿ ಸಣ್ಣಗೆ ಕತ್ತರಿಸಿ ಸಾಲಾಗಿ ನೆಡಿ. ಆಳೆತ್ತರದ ಲೆಕ್ಕ ನೆನಪಿರಲಿ: ಐದೂವರೆ ಅಡಿಯ ಮನುಷ್ಯ 1:120ರಲ್ಲಿ 14 ಮಿ.ಮೀ. ಮಾತ್ರ. ಕಬ್ಬು ಅವನಿಗಿಂತ ಎತ್ತರ ಇರಲಿ, ತೆಂಗಿನಷ್ಟಲ್ಲ.

ಹೊಳೆ ನನ್ನ ಮಾದರಿಯ ಜೀವ. ಅದನ್ನು ಬೇಸಿಗೆಯಲ್ಲೇ ಮಾಡಿ, ಫೆಬ್ರವರಿ-ಮಾರ್ಚ್‌ನಲ್ಲಿ. ಎಪಾಕ್ಸಿ ರಾಳಕ್ಕೆ ಗಾಳಿಯ ತೇವ ಆಗುವುದಿಲ್ಲ, ಮೇಲೆ ಬೆಳ್ಳಗೆ ಮಸುಕು ಕಟ್ಟುತ್ತದೆ. ಮೊದಲು ಯಾವ ತಿಂಗಳ ಕಾವೇರಿ ಅಂತ ಗೊತ್ತುಮಾಡಿ. ಆಷಾಢದ್ದಾದರೆ ಕೆಂಪು ನೀರು, ಬಂಡೆ ಕಾಣುವುದಿಲ್ಲ. ಬೇಸಿಗೆಯದ್ದಾದರೆ ಬಂಡೆ, ಮರಳು, ನಡುವೆ ತೆಳ್ಳಗೆ ನೀರು. ನಾನು ಮಾಡಿದ್ದು ಕೆಂಪು ನೀರು. ಆ ಕೆಂಪು ನಮ್ಮ ಗುಡ್ಡದ ಮಣ್ಣಿನದ್ದು, ಹಾಗಾಗಿ ಬಣ್ಣಕ್ಕೆ ನಮ್ಮ ಅಂಗಳದ ಮಣ್ಣನ್ನೇ ಚಿಟಿಕೆ ಬೆರೆಸಿದೆ.

ಓಡಿಸುವುದು

ಹೊಸಬರೆಲ್ಲ ಜೋರಾಗಿ ಓಡಿಸುತ್ತಾರೆ. ಗಡಿಯಾರ ಹಿಡಿಯಿರಿ. ಗಂಟೆಗೆ 60 ಕಿಲೋಮೀಟರ್ ವೇಗವನ್ನು 120ರಿಂದ ಭಾಗಿಸಿದರೆ ಸೆಕೆಂಡಿಗೆ 14 ಸೆಂಟಿಮೀಟರ್ ಹತ್ತಿರ. ಎಂಟಡಿ ಹಲಗೆ ದಾಟಲು ಸುಮಾರು 18 ಸೆಕೆಂಡ್. ನಿಲ್ದಾಣಕ್ಕೆ ಬರುವ ರೈಲು 20 ಕಿಲೋಮೀಟರ್ ವೇಗದಲ್ಲಿದ್ದರೆ ಅದೇ ಹಲಗೆಗೆ ಹೆಚ್ಚುಕಡಿಮೆ ಒಂದು ನಿಮಿಷ. ಅಷ್ಟು ಮೆಲ್ಲಗೆ ಓಡಿದಾಗ ಎಂಟಡಿಯೂ ದೊಡ್ಡ ದಾರಿಯಾಗುತ್ತದೆ.

ಹಳಿ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ಹತ್ತಿ ಬಟ್ಟೆ. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನು ಸುರಿಯಬೇಡಿ. ಕೈ ಮೃದುವಾಗಲೆಂದು ಗ್ಲಿಸರಿನ್ ಹಾಕಿರುತ್ತಾರೆ, ಹಳಿ ಅಂಟಂಟಾಗುತ್ತದೆ. ಮರಳು ಕಾಗದವೂ ಬೇಡ, ಅದರ ಗೀರುಗಳಲ್ಲಿ ಕೊಳೆ ಕೂರುತ್ತದೆ.

ಮಳೆಗಾಲಕ್ಕೆ ಮೊದಲು ಎಂಜಿನ್, ಬೋಗಿಗಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಬಟ್ಟೆ ಪೆಟ್ಟಿಗೆಯ ಹಾಗೆ ನುಸಿಗುಳಿಗೆ ಹಾಕಬೇಡಿ. ನಾಫ್ತಲೀನ್ ಹವೆಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕಪಾಟಿನಲ್ಲೇ ಇಡುವುದಾದರೆ ಹಳೆ ಕಾಲದ ತಂತಿ ಬಲ್ಬು, ಸಣ್ಣದು, ಸಾಮಾನಿಗೆ ತಾಗದ ಹಾಗೆ ಉರಿಸಿಡಿ. ಎಲ್‌ಇಡಿ ಬಿಸಿಯಾಗುವುದಿಲ್ಲ, ಅದರಿಂದ ಪ್ರಯೋಜನವಿಲ್ಲ. ಹಲಗೆ ಮೇಲೆ ಹಳೆ ಹತ್ತಿ ಸೀರೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೆ ಬೆವರುತ್ತದೆ.

ನಾನು ಮತ್ತೆ ಹೊರತೆಗೆಯುವುದು ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ಮೇಲೆ. ಹಳಿ ಒರೆಸಿ, ಎಂಜಿನ್ನಿನ ಹಲ್ಲುಚಕ್ರಕ್ಕೆ ಸೂಜಿ ಮೊನೆಯಷ್ಟು ಎಣ್ಣೆ ಮುಟ್ಟಿಸಿ, ಬೋಗಿ ಇಲ್ಲದೆ ಹತ್ತು ನಿಮಿಷ ಮುಂದಕ್ಕೆ, ಹತ್ತು ನಿಮಿಷ ಹಿಂದಕ್ಕೆ ಓಡಿಸಿ. ಪ್ರತಿಸಲ ಒಂದೇ ಜಾಗದಲ್ಲಿ ನಿಂತರೆ ತಪ್ಪು ಹಳಿಯದ್ದು, ಆ ಜಾಗದ ಬೆಸುಗೆ ನೋಡಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಚಕ್ರ ಕೊಳೆಯಾಗಿದೆ. ಎಲ್ಲಿಯೂ ನಿಲ್ಲದೆ ಸೇತುವೆ ದಾಟಿದರೆ ಬೋಗಿ ಒಂದೊಂದಾಗಿ ಸೇರಿಸಿ, ಕೊನೆಯದಾಗಿ ಗಾರ್ಡ್ ಬೋಗಿ.